ಯೋಗ್ಯರಲ್ಲ ಎನ್ನಲು

ಪ್ಯಾಸೆಂಜರ್ ಗಾಡಿ ವಾಡಿ ಬಿಟ್ಟು ಇನ್ನೂ ಹೊರಗಿನ ಸಿಗ್ನಲ್ ದಾಟಿರಲಿಲ್ಲ, ಆನಂದತೀರ್ಥನಿಗೆ ಬೆವರೊಡೆಯಿತು. ಮಧ್ಯಾಹ್ನದ ಆಡಳಿತ ಮಂಡಳಿ ಸಭೆಯ ಟಿಪ್ಪಣಿಯ ಮೇಲೆ ಒಂದು ಸಲ ಕಣ್ಣಾಡಿಸಿಬಿಡೋಣವೆಂದು ಚೀಲದಿಂದ ತೆಗೆದಿದ್ದ. ತೆಗೆಯದೆ ಇದ್ದಿದ್ದರೆ ಶಹಾಬಾದದ ತನಕವಾದರೂ ಸುಖವಾಗಿ ಹೋಗಬಹುದಿತ್ತು. ಮೊದಲ ಪುಟದ ಕಟ್ಟಕಡೆಗೆ, ಹಿರಿತನದ ಕೋಷ್ಟಕದಲ್ಲಿ, ದೇವಿಂದ್ರಪ್ಪ ಮಾಸ್ತರರ ಹೆಸರಿನ ಎದುರು, 'ಕಚೇರಿಯ ಅಭಿಪ್ರಾಯ' ಎಂಬ ಮನೆಯಲ್ಲಿ ಹೀಗಿತ್ತು: 'ಇವರು ಅನೇಕ ವರ್ಷಗಳಿಂದ ಗಣಿತ ಬೋಧಿಸುತ್ತಿದ್ದು, ಸದರಿ ಮುಖ್ಯಾಧ್ಯಾಪಕ ಹುದ್ದೆಗೆ ಯೋಗ್ಯರಲ್ಲ'. ಅಲ್ಲಿಗೆ ಕಾಗದ ಮುಗಿದಿತ್ತು. ಉಳಿದದ್ದು, ಹಾಳೆ ಮಗುಚಿದರೆ, ಎರಡನೆಯ ಪುಟದ ನೆತ್ತಿಯ ಮೇಲೆ, ಹೆಸರಿಲ್ಲದ ಖಾಲಿ ಮನೆಗಳ ಪಕ್ಕದಲ್ಲಿ ಅನಾಥವಾಗಿ ಕೂತಿತ್ತು: 'ಎನ್ನಲು ಕಚೇರಿಗೆ ಯಾವುದೇ ಆಧಾರ ಕಂಡುಬಂದಿರುವುದಿಲ್ಲ.'

ಹಾಳೆಯನ್ನು ಮಗುಚಿದ, ಮತ್ತೆ ಮೊದಲಿಗೆ ಬಂದ, ಮತ್ತೆ ಮಗುಚಿದ. ಹೀಗೆ ಮಗುಚುವುದರಿಂದ ಎರಡು ತುಂಡು ಎಲ್ಲಾದರೂ ಕೂಡಿಕೊಂಡಾವು ಎನ್ನುವಂತೆ. ಎದುರಿಗೆ ಕುಳಿತ ಹೆಂಗಸು ತನ್ನ ಬುಟ್ಟಿಯನ್ನು ಸ್ವಲ್ಪ ಆಚೆ ಸರಿಸಿಕೊಂಡಳು. ಟೈಪ್‌ರೈಟರ್ ಇದ್ದ ಕಾಲದಲ್ಲಿ ಇಂಥದು ಆಗುತ್ತಿರಲಿಲ್ಲ ಎಂದು ಅವನಿಗೆ ಸಿಟ್ಟು ಬಂತು. ಸಾಲಿನ ಅಂಚು ಹತ್ತಿರವಾದರೆ ಅದು 'ಟಣ್' ಎಂದು ಗಂಟೆ ಬಾರಿಸಿ ಹೇಳುತ್ತಿತ್ತು. ಪುಟದ ಅಂಚಿಗೆ ತಾನೇ ಪೆನ್ಸಿಲಿನಿಂದ ಸಣ್ಣ ಗುರುತು ಹಾಕಿಕೊಳ್ಳುತ್ತಿದ್ದ. ಕಂಪ್ಯೂಟರಿಗೆ ಗಂಟೆಯೂ ಇಲ್ಲ, ನಾಚಿಕೆಯೂ ಇಲ್ಲ. ಶನಿವಾರ ಆಫೀಸಿನಲ್ಲಿ, ಉದ್ದನೆಯ ಕಾಗದದ ಅಳತೆಗೆ ಹೊಂದಿಸಿದ್ದಾಗ, ಆ ಸಾಲು ಇಡಿಯಾಗಿ ಮೊದಲ ಪುಟದೊಳಗೇ ಕೂತಿತ್ತು, ಅದು ಖರೆ. ಆದರೆ ಆಫೀಸಿನ ಪ್ರಿಂಟರ್ ಮಸಿ ಆರಿಸಿಕೊಂಡು ಕೂತಿತ್ತಾದ್ದರಿಂದ ಫ್ಲಾಪಿ ಹಿಡಿದುಕೊಂಡು ಬಜಾರಿನ ಶೌಕತ ಅಲಿಯ ಅಂಗಡಿಗೆ ಓಡಿದ್ದ. "ಲಂಬಾ ಕಾಗದ ಖತಂ ಆಗ್ಯಾವ್ರಿ. ಛೋಟಾಕ್ಕ ಅಡ್ಜಸ್ಟ್ ಮಾಡ್ತೀನಿ, ಫಿಕರ್ ಮಾಡಬ್ಯಾಡ್ರಿ" ಎಂದಿದ್ದ ಶೌಕತ ಅಲಿ. ಇವನು ಫಿಕರ್ ಮಾಡಿರಲಿಲ್ಲ. ವಾಡಿಯ ಗಾಡಿಗೆ ಹೊತ್ತಾಗಿತ್ತು. ಪ್ರತಿಗಳಿಗೆ ಪಿನ್ನು ಹೊಡೆದು, ಜವಾನ ಮೌಲಾಲಿಯ ಕೈಗೆ ತುರುಕಿ ಸ್ಟೇಷನ್ನಿಗೆ ಓಡಿದ್ದ.

ಪಿನ್ನು ಹೊಡೆಯುವಾಗ ನೋಡಿರಲಿಲ್ಲವೇ? ಇದೇ ಈಗಿನ ಪ್ರಶ್ನೆ. ಪಿನ್ನು ಹೊಡೆಯುವವನ ಕಣ್ಣು ಕಾಗದದ ಮೇಲ್ಮೂಲೆಯಲ್ಲಿರುತ್ತದೆ, ತಳದಲ್ಲಿರುವುದಿಲ್ಲ ಎಂದು ತನಗೆ ತಾನೇ ಸಾಕ್ಷಿ ನುಡಿದ. ಆದರೂ 'ಯೋಗ್ಯರಲ್ಲ' ಎಂಬ ಮಾತು ಶನಿವಾರ ಎಲ್ಲೋ ಕಣ್ಣಿಗೆ ತಾಕಿಹೋದ ಹಾಗೆ, ತಾಕಿದ್ದಷ್ಟೇ ಅಲ್ಲ, ತಾಕಿದಾಗ ಒಳಗೆ ಎಲ್ಲೋ ತಂಪಾದ ಹಾಗೆ, ಈಗ ನೆನಪಾಗತೊಡಗಿತು. ಇದು ಶನಿವಾರದ ನೆನಪೋ, ಸೋಮವಾರದ ಭಯ ಈಗ ಕೂತು ಹೆಣೆದದ್ದೋ, ಗೊತ್ತಾಗಲಿಲ್ಲ. ಜನಕ್ಕೆ ಅಷ್ಟು ಸೂಕ್ಷ್ಮ ಬೇಕಾಗಿಲ್ಲ. ಹಳೆಯ ಮುಖ್ಯಾಧ್ಯಾಪಕರು ನಿವೃತ್ತರಾದ ಮೇಲೆ ಕುರಕುಂಟಾದ ದೇವಿಂದ್ರಪ್ಪ ಮಾಸ್ತರರೇ ಶಾಲೆ ನೋಡಿಕೊಳ್ಳುತ್ತಿದ್ದಾರೆ, ಹಿರಿತನ ಅವರದು. ಅವರು ಬೇಡವೆಂದಾದರೆ ಮುಂದಿನ ಸರದಿ ವಿಠ್ಠಲರಾವನದು. ವಿಠ್ಠಲರಾವ ಯಾರು? ಆನಂದತೀರ್ಥನ ಹೆಂಡತಿ ಪದ್ಮಜಾಳ ಸೋದರಮಾವನ ಮಗ. ಟಿಪ್ಪಣಿ ಬರೆದವನು ಯಾರು? ಆಫೀಸಿನ ಸೂಪರಿಂಟೆಂಡೆಂಟ್ ಆನಂದತೀರ್ಥ. ಇಷ್ಟು ಸಾಕಲ್ಲ. ಬ್ರಾಹ್ಮಣ ಗುಮಾಸ್ತ ದಲಿತ ಮಾಸ್ತರರ ಸಾಲನ್ನು ಬೇಕಂತಲೇ ಕತ್ತರಿಸಿದ ಎಂದು ಬಜಾರಿನ ಚಹಾದ ಅಂಗಡಿಗಳಲ್ಲಿ ಆಡಿಕೊಳ್ಳುವ ಬಾಯಿಗಳು ಅವನಿಗೆ ಒಂದೊಂದಾಗಿ ಕಾಣತೊಡಗಿದವು. ಅವುಗಳ ನಡುವೆ ದೇವಿಂದ್ರಪ್ಪನವರ ಮಗಳು ಲುಂಬಿನಿಯ ಮದುವೆಯ ಪೆಂಡಾಲೂ ಬಂದು ನಿಂತಿತು. ಅಲ್ಲಿ ಊಟಕ್ಕೆ ಎಬ್ಬಿಸಲು ಬಂದ ಮಾಸ್ತರರಿಗೆ ಇವನು, "ಇವತ್ತು ಏಕಾದಶಿ ಅದರಿ, ನಾ ಬರೇ ಸೋಡಾ ಕುಡೀತೀನಿ" ಎಂದಿದ್ದ. ಮಾಸ್ತರರು ನಗುತ್ತಲೇ, "ಏಕಾದಶಿ ನಾಡಿದ್ದಲ್ರಿ? ಸಾಲಿ ಕ್ಯಾಲೆಂಡರದಾಗ ನೀವೇ ಗುರ್ತು ಮಾಡೀರಿ" ಎಂದಿದ್ದರು. ಹಾಗೆಂದವರು ತಾವೇ ಹೋಗಿ ಸೋಡಾ ತಂದುಕೊಟ್ಟಿದ್ದರು. ಆ ಸೋಡಾ ಮೂಗಿಗೆ ಹತ್ತಿ ಕಣ್ಣಲ್ಲಿ ನೀರು ಬಂದದ್ದು ಈಗಲೂ ಮೂಗಿಗೆ ಹತ್ತಿತು. ಗಾಡಿ ಶಹಾಬಾದಕ್ಕೆ ಬಂದು ನಿಂತದ್ದು, ಬುಟ್ಟಿಯ ಹೆಂಗಸು "ಇಳೀತೀರೋ ಇಲ್ಲೇ ಕುಂದ್ರುತೀರೋ?" ಎಂದು ಗದರಿದ ಮೇಲೆಯೇ ಅವನಿಗೆ ತಿಳಿದದ್ದು.

ಮೌಲಾಲಿ ಆಫೀಸಿನ ಫರ್ಸಿ ನೆಲಕ್ಕೆ ನೀರು ಹಾಕಿ ತಿಕ್ಕುತ್ತಿದ್ದ. "ಪ್ರತಿ ಎಲ್ಲಾರಿಗಿ ಮುಟ್ಟ್ಯಾವೇನೋ?" ಎಂದು ಕೇಳಿದಾಗ, ಜೀವಮಾನದಲ್ಲಿ ಮೊದಲ ಸಲ ಒಪ್ಪಿಸಿದ ಕೆಲಸವನ್ನು ಪೂರ್ತಿ ಮಾಡಿದವನ ಹೆಮ್ಮೆಯಿಂದ ಎದ್ದು ನಿಂತ. "ಎಲ್ಲಾರ ಮನಿಗಿ ಖುದ್ದ ಹೋಗಿ ಕೊಟ್ಟೀನ್ರಿ ಸಾಹೇಬ್ರ. ಭಂಕೂರಿಗಿ ಸೈಕಲ್ ಹೊಡಕೊಂಡು ಹೋಗಿ ಅಧ್ಯಕ್ಷರ ಕೈಯಾಗೇ ಇಟ್ಟೀನಿ."

"ಇವತ್ತೇ ಯಾಕೋ ನಿನಗ ಇಷ್ಟ ಹುರುಪು ಬಂತು!"

"ಇವತ್ತಲ್ರಿ, ಶನಿವಾರ" ಎಂದ ಮೌಲಾಲಿ.

ಆನಂದತೀರ್ಥ ಕಂಪ್ಯೂಟರಿನ ಮುಂದೆ ಕುಳಿತ. ಅದಕ್ಕೆ ಪದ್ಮಜಾ ಹೊಲಿದುಕೊಟ್ಟ ಹೂವಿನ ಗವಸು ಇತ್ತು. ಗವಸು ತೆಗೆದು, ಮಡಚಿಟ್ಟು, ಯಂತ್ರ ಕಣ್ಣು ಬಿಡುವ ತನಕ ವಿಷ್ಣು ಸಹಸ್ರನಾಮದ ಎಷ್ಟೋ ಭಾಗ ಹೇಳಿಕೊಂಡ. ಶೌಕತ ಅಲಿ ಸಣ್ಣ ಕಾಗದಕ್ಕೆ ಇಳಿಸಿದ್ದ ಕಡತ ಫ್ಲಾಪಿಯಲ್ಲಿ ಹಾಗೆಯೇ ಇತ್ತು. ತೆರೆಯ ಮೇಲೂ ಮಾಸ್ತರರು ಸೊಂಟದಲ್ಲಿ ತುಂಡಾಗಿ ನಿಂತಿದ್ದರು. ಎಂಟರ್ ಗುಂಡಿ ಒತ್ತಿ ಸಾಲನ್ನು ಕೆಳಕ್ಕೆ ದೂಡಲು ನೋಡಿದ. ದೂಡಿದಷ್ಟೂ ಹೆಸರಿನ ಮನೆ ಲಂಬೋದರನ ಹಾಗೆ ಊದಿಕೊಂಡಿತೇ ಹೊರತು ತುಂಡಾದದ್ದು ತುಂಡಾಗಿಯೇ ಉಳಿಯಿತು. ಅಕ್ಷರ ಸಣ್ಣದು ಮಾಡಿದ. ಆಗ 'ಎನ್ನಲು' ಮಾತ್ರ ಮೇಲೆ ಬಂದು, 'ಯೋಗ್ಯರಲ್ಲ ಎನ್ನಲು' ಎಂದಾಗಿ, ಯಾರೋ ದಬಾಯಿಸಿ ಹೇಳಿಸಿದ ಹಾಗೆ ಇನ್ನೂ ಕೆಟ್ಟದಾಗಿ ಕಂಡಿತು. ಹುಡುಕುತ್ತ ಹುಡುಕುತ್ತ 'ಟೇಬಲ್ ಪ್ರಾಪರ್ಟೀಸ್' ಎಂಬ ಬಾಗಿಲು ತೆರೆದು, ಅದರೊಳಗೆ 'ರೋ' ಎಂಬ ಇನ್ನೊಂದು ಕೋಣೆ ಹೊಕ್ಕರೆ, ಅಲ್ಲಿ ಒಂದು ಪುಟ್ಟ ಚೌಕ, ಚೌಕದಲ್ಲಿ ಒಂದು ಸರಿ ಗುರುತು, ಪಕ್ಕದಲ್ಲಿ ಇಂಗ್ಲಿಷಿನಲ್ಲಿ: 'ಅಲೌ ರೋ ಟು ಬ್ರೇಕ್ ಅಕ್ರಾಸ್ ಪೇಜಸ್'. ಓದಿ ದಂಗಾದ. ಸಾಲು ಪುಟದಿಂದ ಪುಟಕ್ಕೆ ಒಡೆಯಲು ಅನುಮತಿ! ಈ ಸಂಸ್ಥೆಯಲ್ಲಿ ಒಂದು ಚಾಕ್‌ಪೀಸಿನ ಡಬ್ಬಿ ಒಡೆಯಬೇಕಾದರೂ ಇವನ ರುಜು ಬೇಕು. ಇಲ್ಲಿ ಯಾರೋ, ಯಾವಾಗಲೋ, ಇವನನ್ನು ಕೇಳದೆ ಒಂದು ಅನುಮತಿ ಕೊಟ್ಟು ಕೂತಿದ್ದಾರೆ, ಅದು ಇಷ್ಟು ದಿನ ಇವನ ಹೆಸರಿನಲ್ಲೇ ನಡೆದುಬಂದಿದೆ. ಆ ಗುರುತನ್ನು ಒತ್ತಿ ತೆಗೆದ. ದೇವಿಂದ್ರಪ್ಪ ಮಾಸ್ತರರ ಸಾಲು ಇಡಿಯಾಗಿ, ಹೆಸರು ಸೇವೆ ಅಭಿಪ್ರಾಯ ಸಮೇತ, ಒಂದೇ ನೆಗೆತಕ್ಕೆ ಎರಡನೆಯ ಪುಟಕ್ಕೆ ಹಾರಿ ಕೂತಿತು. ಆನಂದತೀರ್ಥನಿಗೆ ಕಣ್ಣು ತುಂಬಿ ಬಂತು. ಮೊದಲ ಪುಟದ ತಳದಲ್ಲಿ ನಾಲ್ಕು ಬೆರಳಗಲ ಖಾಲಿ ಜಾಗ ಉಳಿದದ್ದು ಆಗ ಅವನಿಗೆ ಕಾಣಿಸಿತಾದರೂ, ಖಾಲಿ ಜಾಗದಿಂದ ಯಾರಿಗೆ ಏನು ಅಪಾಯ ಎಂದುಕೊಂಡ.

ಶೌಕತ ಅಲಿಯ ಅಂಗಡಿಯಿಂದ ಹೊಸ ಪ್ರತಿಗಳನ್ನು ಹಿಡಿದು ಓಡಿಬರುವಷ್ಟರಲ್ಲಿ ಸದಸ್ಯರು ಸಭೆಯ ಕೋಣೆಗೆ ಬಂದು ಕೂತಿದ್ದರು. ಇವನು ಬಾಗಿಲಲ್ಲೇ ಏದುಸಿರು ಬಿಡುತ್ತ, "ಸಣ್ಣದೊಂದು ತಿದ್ದುಪಡಿ ಅದರಿ, ಹಳೀ ಪ್ರತಿ ಕೊಡ್ರಿ, ಇದು ತೊಗೊಳ್ರಿ" ಎಂದು ಒಬ್ಬೊಬ್ಬರ ಕೈಯಿಂದಲೂ ಕಿತ್ತುಕೊಳ್ಳುತ್ತ ಬಂದ. ಯಾರೂ ಓದಿರಲಿಲ್ಲ. ಒಬ್ಬರು ತಮ್ಮ ಪ್ರತಿಯಲ್ಲಿ ಭಜಿ ಕಟ್ಟಿಸಿಕೊಂಡು ಬಂದಿದ್ದರು. ಅದನ್ನೂ ಎಣ್ಣೆ ಸಮೇತ ವಶಪಡಿಸಿಕೊಂಡ. ಚಿತ್ತಾಪುರದ ಕನ್ಯಾಶಾಲೆಯ ನಿವೃತ್ತ ಹೆಡ್‌ಮಿಸ್ಟ್ರೆಸ್ ಸುಮಿತ್ರಾಬಾಯಿಯವರು ಕನ್ನಡಕದ ಮೇಲಿಂದ ನೋಡಿ, "ಏನು ತಿದ್ದುಪಡಿ?" ಎಂದರು. "ಕಾಗುಣಿತರಿ" ಎಂದ. ಕೊನೆಗೆ ಅಧ್ಯಕ್ಷರ ಬಳಿ ಬಂದು ನಿಂತ. ಭಂಕೂರಿನಲ್ಲಿ ಕಲ್ಲಿನ ಪಾಲಿಶ್ ಕಾರ್ಖಾನೆ ನಡೆಸುವ ಅಮೀರ್ ಅಲಿ ಸಾಹೇಬರು ದೊಡ್ಡ ಆಳು, ದೊಡ್ಡ ಮನಸ್ಸು. ಕನ್ನಡವನ್ನು ಮಾತ್ರ ದೊಡ್ಡ ದನಿಯಲ್ಲಿ, ಒಂದೊಂದು ಅಕ್ಷರವನ್ನೂ ಕಲ್ಲಿನಂತೆ ಎತ್ತಿ ಇಡುತ್ತ ಓದುವವರು.

"ಸಾಹೇಬ್ರ, ಹಳೀದು ಕೊಡ್ರಿ."

"ಯಾಕ ಕೊಡ್ಲಿ? ನಿನ್ನೆ ಇಡೀ ದಿನ ಕುಂತು ಲಾಲ್ ಪೆನ್ನಿಲೆ ಗುರ್ತು ಮಾಡೀನಿ. ನಿಮ್ಮ ಕಾಗುಣಿತ ನಿಮ್ಮ ಕಡಿ ಇರ್ಲಿ, ನಾ ಇದನ್ನೇ ಓದ್ತೀನಿ. ಕುಂದ್ರಿ."

ಆನಂದತೀರ್ಥ ಕುಳಿತ. ಎದುರಿನ ಕುರ್ಚಿಯಲ್ಲಿ, ಶಾಲೆಯ ಉಸ್ತುವಾರಿ ಎಂಬ ಕಾರಣಕ್ಕೆ, ದೇವಿಂದ್ರಪ್ಪ ಮಾಸ್ತರರು ಇಸ್ತ್ರಿ ಮಾಡಿದ ಬಿಳಿ ಅಂಗಿಯಲ್ಲಿ ಕೂತಿದ್ದರು. ಅವರಿಗೆ ಪ್ರತಿ ಕೊಡುವ ಪದ್ಧತಿ ಇರಲಿಲ್ಲ. ಇವನನ್ನು ನೋಡಿ ತಲೆಯಾಡಿಸಿದರು. ಇವನೂ ಆಡಿಸಿದ, ಬೇಕಾದದ್ದಕ್ಕಿಂತ ಹೆಚ್ಚು. ಸಾಹೇಬರು ಓದತೊಡಗಿದರು. ವಿಷಯ, ಉಲ್ಲೇಖ, ಹಿಂದಿನ ಸಭೆಯ ನಡಾವಳಿ, ಹಿರಿತನದ ಪಟ್ಟಿಯಲ್ಲಿ ಬೇಡವೆಂದು ತಾವೇ ಬರೆದುಕೊಟ್ಟವರ ಸಾಲುಗಳು. ಓದು ತೆವಳುತ್ತ ತೆವಳುತ್ತ ಪುಟದ ತಳ ಮುಟ್ಟಿತು. "ದೇ-ವಿಂ-ದ್ರಪ್ಪ. ಇವರು ಅನೇಕ ವರ್ಷಗಳಿಂದ ಗಣಿತ ಬೋಧಿಸುತ್ತಿದ್ದು, ಸದರಿ ಮುಖ್ಯಾಧ್ಯಾಪಕ ಹುದ್ದೆಗೆ ಯೋಗ್ಯರಲ್ಲ."

ಸಾಹೇಬರು ಹೆಬ್ಬೆರಳನ್ನು ನಾಲಿಗೆಗೆ ಒತ್ತಿಕೊಂಡು ಹಾಳೆಯ ಮೂಲೆ ತಿಕ್ಕಿದರು. ಹಾಳೆ ಏಳಲಿಲ್ಲ. ಮತ್ತೆ ಒತ್ತಿಕೊಂಡರು. ಫ್ಯಾನು ತಿರುಗುತ್ತಿತ್ತು. ಹೊರಗೆ ಮೈದಾನದಲ್ಲಿ ಯಾವುದೋ ತರಗತಿಯ ಹುಡುಗನೊಬ್ಬ ಕಬಡ್ಡಿ ಆಡುತ್ತ ಒಂದೇ ಉಸಿರಿನಲ್ಲಿ ಕೂಗುತ್ತಿದ್ದದ್ದು ಕೇಳಿಸುತ್ತಿತ್ತು, ಆ ಹುಡುಗ ಉಸಿರು ಬಿಡಲೊಲ್ಲ, ಸಾಹೇಬರ ಹಾಳೆ ಏಳಲೊಲ್ಲದು. ಆನಂದತೀರ್ಥ ಮಾಸ್ತರರ ಮುಖ ನೋಡಬಾರದೆಂದು ಅವರ ಅಂಗಿಯ ಮೊದಲ ಗುಂಡಿಯನ್ನು ನೋಡುತ್ತ ಕೂತ. ಗುಂಡಿ ಒಂದು ಸಲ ಮೇಲೆ ಹೋಗಿ ಕೆಳಗೆ ಬಂತು, ಅಷ್ಟೇ. ಎದ್ದು ಹೋಗಿ ತಾನೇ ಹಾಳೆ ಮಗುಚಲೇ ಎನಿಸಿ ಕುರ್ಚಿಯ ತುದಿಗೆ ಸರಿದ. ಕೊನೆಗೆ ಹಾಳೆ ಎದ್ದಿತು. ಒಂದಲ್ಲ, ಎರಡು ಒಟ್ಟಿಗೆ ಎದ್ದವು. ಸಾಹೇಬರು ಅದೇ ದನಿಯಲ್ಲಿ ಮುಂದುವರಿಸಿದರು: "ಗಂಡು ಮಕ್ಕಳ ಶೌಚಾಲಯಕ್ಕೆ ಬಾಗಿಲು ಕೂಡಿಸುವ ಬಗ್ಗೆ."

ಓದಿ ತಾವೇ ತಲೆಯೆತ್ತಿದರು. "ಏನ್ರಿ ಇದು? ಮಾಸ್ತರ ಯೋಗ್ಯತಾಕ್ಕ ಶೌಚಾಲಯದ ಬಾಗಲಾ ಯಾಕ ಬಂತು?"

ಭಜಿಯವರು ತಮ್ಮ ಹೊಸ ಪ್ರತಿಯನ್ನು ಎತ್ತಿ ಹಿಡಿದರು. "ಸಾಬ್, ನಂದರಾಗ ಹಂಗಿಲ್ಲ. ಮೊದಲ್ನೇ ಪುಟದಾಗ ಮಾಸ್ತರ ಹೆಸರೇ ಇಲ್ಲ. ಇಲ್ಲಿ ನೋಡ್ರಿ, ಅವರ ಜಾಗಾ ಖಾಲಿ ಬಿಟ್ಟಾರ."

"ಖಾಲಿ?"

"ಪೂರಾ ಖಾಲಿ. ರುಜು ಮಾಡಿದ ಮ್ಯಾಲ ಇಲ್ಲಿ ಯಾರ ಹೆಸರು ತುಂಬೋರಿದ್ರೋ ಏನೋ."

ಕೋಣೆಯ ಕಣ್ಣುಗಳೆಲ್ಲ ಆನಂದತೀರ್ಥನ ಮೇಲೆ ಬಂದವು. ಅವನು ಎದ್ದು ನಿಂತ. ನಿಂತದ್ದೇ ತಪ್ಪೊಪ್ಪಿಕೊಂಡ ಹಾಗಾಯಿತು. ಲಂಬಾ ಕಾಗದ, ಛೋಟಾ ಕಾಗದ, ಸಾಲು ಒಡೆಯಲು ಅನುಮತಿ, ಅನುಮತಿ ಹಿಂತೆಗೆದದ್ದು, ಹಿಂತೆಗೆದಾಗ ಸಾಲು ಹಾರಿದ್ದು, ಹಾರಿದ ಜಾಗ ಖಾಲಿ ಉಳಿದದ್ದು ಎಲ್ಲವನ್ನೂ ಹೇಳತೊಡಗಿದ. ಹೇಳುತ್ತ ಹೋದಂತೆ ಅದು ತನಗೇ ಸುಳ್ಳೆಂದು ಕೇಳತೊಡಗಿತು. "ಸಾಲು ತಾನಾಗೇ ಹಾರಿತೇನು?" ಎಂದರು ಸಾಹೇಬರು. "ತಾನಾಗೇ ಹಾರಿತ್ರಿ." "ನಿಮ್ಮನ್ನ ಕೇಳ್ಲಿಲ್ಲ?" "ಕೇಳ್ಲಿಲ್ರಿ." ಯಾರೋ ನಕ್ಕರು. ಆಗ ದೇವಿಂದ್ರಪ್ಪ ಮಾಸ್ತರರು ಕೈ ಚಾಚಿ, "ನೋಡೂಣು ಕೊಡ್ರಿ ಸಾಹೇಬ್ರ" ಎಂದು ಅಧ್ಯಕ್ಷರ ಪ್ರತಿಯನ್ನು ತೆಗೆದುಕೊಂಡರು.

ಮೊದಲ ಪುಟದ ತಳ ಓದಿದರು. ಹಾಳೆಯನ್ನು ಹಗುರವಾಗಿ, ಒಂದನ್ನೇ, ಮಗುಚಿದರು. ಎರಡನೆಯ ಪುಟದ ನೆತ್ತಿ ಓದಿದರು. ಅವರ ಮುಖ ಸಡಿಲಾಯಿತು; ಆನಂದತೀರ್ಥನ ಎದೆಯೂ ಸಡಿಲಾಯಿತು. ಅಷ್ಟರಲ್ಲಿ ಅವರ ಕಣ್ಣು ಇನ್ನೊಂದು ಸಾಲು ಕೆಳಗಿಳಿದು ನಿಂತಿತು. ಅಲ್ಲಿ ಏನಿದೆ ಎಂದು ಆನಂದತೀರ್ಥ ನೆನಪು ಮಾಡಿಕೊಂಡ. ಅಲ್ಲಿ ವಿಠ್ಠಲರಾವನ ಹೆಸರಿತ್ತು. ಎದುರಿಗೆ, ಕಚೇರಿಯ ಅಭಿಪ್ರಾಯದ ಮನೆಯಲ್ಲಿ, ಒಂದೇ ಮಾತು: 'ಯೋಗ್ಯರು.' ಆ ಮನೆಯ ಉಳಿದ ಜಾಗವೆಲ್ಲ ಹಾಯಾಗಿ ಖಾಲಿ ಬಿದ್ದಿತ್ತು. ಅದನ್ನು ಯಾವ ಕಾಗದ ತುಂಡರಿಸೀತು? ತುಂಡರಿಸಲು ಅದರಲ್ಲಿ ಏನಿತ್ತು? ವಿಠ್ಠಲರಾವನನ್ನು ಯೋಗ್ಯ ಎನ್ನಲು ತನಗೆ ಒಂದು ಮಾತು ಸಾಕಾಗಿತ್ತು, ಬರೆದದ್ದೇ ನೆನಪಿಲ್ಲದಷ್ಟು ಸಲೀಸಾಗಿ. ದೇವಿಂದ್ರಪ್ಪನವರನ್ನು ಯೋಗ್ಯರೆನ್ನಲು ಮೊದಲು ಅಲ್ಲವೆಂದು, ಆಮೇಲೆ ಆ ಅಲ್ಲವನ್ನು ಇಲ್ಲವೆಂದು, ಆಧಾರವನ್ನು ಹುಡುಕಿ ಸಿಗಲಿಲ್ಲವೆಂದು, ಅಷ್ಟು ದೂರದ ಸುತ್ತುದಾರಿ ಹಿಡಿದಿದ್ದ. ಆಫೀಸಿನ ಭಾಷೆಯೇ ಹಾಗೆ ಎನ್ನಬಹುದಿತ್ತು. ಆದರೆ ಅದೇ ಆಫೀಸು, ಅದೇ ಭಾಷೆ, ಒಂದು ಸಾಲು ಕೆಳಗೆ ಒಂದೇ ಮಾತಿನಲ್ಲಿ ಮುಗಿಸಿತ್ತಲ್ಲ. ಶೌಕತ ಅಲಿಯ ಕಾಗದ, ಕಂಪ್ಯೂಟರಿನ ಚೌಕ, ಸಾಹೇಬರ ಹೆಬ್ಬೆರಳು ಒಂದೊಂದಾಗಿ ನಿರ್ದೋಷಿಗಳಾಗಿ ಎದ್ದು ಹೋದವು. ಶನಿವಾರ ಪಿನ್ನು ಹೊಡೆಯುವಾಗ ನೋಡಿದ್ದೆನೋ ಇಲ್ಲವೋ ಎಂಬ ಬೆಳಗಿನ ಪ್ರಶ್ನೆ ಈಗ ಬಹಳ ಸಣ್ಣದೆನಿಸಿ, ಅದರಷ್ಟೇ ಸಣ್ಣವನಾಗಿ ಆನಂದತೀರ್ಥ ನಿಂತುಕೊಂಡ. ಮಾಸ್ತರರು ಪ್ರತಿಯನ್ನು ಅಧ್ಯಕ್ಷರಿಗೆ ವಾಪಸು ಕೊಟ್ಟರು.

"ಕಾಗದದ ಕಥಿ ಸಾಕು" ಎಂದರು ಸುಮಿತ್ರಾಬಾಯಿ. "ಆನಂದತೀರ್ಥ, ನೀವು ಬಾಯಿಲೇ ಹೇಳ್ರಿ. ದೇವಿಂದ್ರಪ್ಪ ಮಾಸ್ತರು ಈ ಹುದ್ದೆಕ್ಕ ಯೋಗ್ಯರೋ, ಅಲ್ಲೋ?"

"ಅಲ್ಲ..." ಎಂದು ಬಾಯಿ ತೆರೆದ ಆನಂದತೀರ್ಥ. "ಅಲ್ಲ ಅನ್ಲಿಕ್ಕ..." ಎಂದ. ಅಭ್ಯಾಸ ಅವನನ್ನು ಮೂಗುದಾಣ ಹಿಡಿದು ಹಳೆಯ ಸುತ್ತುದಾರಿಗೇ ಎಳೆಯುತ್ತಿತ್ತು. ದೇವಿಂದ್ರಪ್ಪನವರು ಈಗ ನೇರವಾಗಿ ಅವನನ್ನೇ ನೋಡುತ್ತಿದ್ದರು, ಕರಿಹಲಗೆಯ ಮುಂದೆ ಲೆಕ್ಕ ಮರೆತು ನಿಂತ ಹುಡುಗನನ್ನು ನೋಡುವ ತಾಳ್ಮೆಯಿಂದ. ಆನಂದತೀರ್ಥ ಬಾಯಿ ಮುಚ್ಚಿದ. ಮತ್ತೆ ತೆರೆದ.

"ಯೋಗ್ಯರರಿ" ಎಂದ.

ಮುಂದೇನಾದರೂ ಬರುತ್ತದೆಂದು ಎಲ್ಲರೂ ಕಾದರು. ಬರಲಿಲ್ಲ.

"ಅರೇ ಇಷ್ಟೇನು?" ಎಂದರು ಅಮೀರ್ ಅಲಿ ಸಾಹೇಬರು. "ಇಷ್ಟು ಬರೀಲಿಕ್ಕ ಎರಡು ಪುಟ ಯಾಕ ಬೇಕಾಯ್ತು? ನಿನ್ನೆ ನನ್ನ ಒಂದು ಇತವಾರ ಹಾಳು ಮಾಡಿದ್ರಿ." ಲಾಲ್ ಪೆನ್ನಿನಿಂದ 'ಅಲ್ಲ' ಎಂಬಲ್ಲಿಂದ ಹಿಡಿದು ಮುಂದಿನ ಪುಟದ 'ಇಲ್ಲ'ದ ತನಕ ಒಂದೇ ಗೀಟು ಎಳೆದು, ಮಂಜೂರು ಎಂದು ಬರೆದರು. ಶೌಚಾಲಯದ ಬಾಗಿಲಿನ ಮೇಲೆ ಚರ್ಚೆ ಮಾತ್ರ ಬಹಳ ಹೊತ್ತು ನಡೆಯಿತು.

ಸಭೆ ಮುಗಿದ ಮೇಲೆ ಆನಂದತೀರ್ಥ ಕಡತಕ್ಕೆ ಸೇರಿಸುವ ಪ್ರತಿಯನ್ನು ತಿದ್ದಲು ಕುಳಿತ. ಆ ಉದ್ದನೆಯ ವಾಕ್ಯವನ್ನು ಒಂದೊಂದೇ ಅಕ್ಷರ ಅಳಿಸುತ್ತ ಬಂದು 'ಯೋಗ್ಯರು' ಎಂದು ಹೊಡೆದ. ಸಾಲು ಒಮ್ಮೆಲೇ ಗಿಡ್ಡವಾಗಿ, ಎರಡನೆಯ ಪುಟ ಬಿಟ್ಟು ಮೊದಲ ಪುಟದ ಆ ಖಾಲಿ ಜಾಗಕ್ಕೆ ಬಂದು ಕೂತಿತು. ಅದರ ಹಿಂದೆಯೇ ವಿಠ್ಠಲರಾವನ ಸಾಲೂ ಬಂದು ಕೂತಿತು. ಇನ್ನೂ ಜಾಗ ಉಳಿದಿತ್ತು. ಬಾಗಿಲಲ್ಲಿ ದೇವಿಂದ್ರಪ್ಪನವರು ನಿಂತಿದ್ದರು.

"ಬರ್ರಿ ಸರ್, ಕುಂದ್ರಿ" ಎಂದು ಎದ್ದ. ಸರ್ ಎಂದದ್ದು ಮೊದಲ ಸಲ. ಇಬ್ಬರಿಗೂ ಅದು ಗೊತ್ತಾಯಿತು.

"ಕಾಗದ ಸಣ್ಣದಿತ್ತಂತ, ಖರೇನು?"

"ಖರೇರಿ. ಉದ್ದನ ಕಾಗದ ಇದ್ದಿದ್ರ ಹಿಂಗ ಆಗ್ತಿದ್ದಿಲ್ಲ."

"ಕಾಗದ ಎಷ್ಟು ಉದ್ದಿದ್ರೇನ್ರಿ," ಎಂದು ನಕ್ಕರು ಮಾಸ್ತರರು, "ನೀವು ಅದಕ್ಕಿಂತ ಒಂದು ಗೇಣು ಉದ್ದ ಬರೀತೀರಿ." ನಕ್ಕರು ನಿಜ, ಆದರೆ ಕೂರಲಿಲ್ಲ. ಇವನು ಏನೋ ಹೇಳಬೇಕೆಂದು ಮಾತು ಹೊಂದಿಸಿಕೊಳ್ಳುವಷ್ಟರಲ್ಲಿ ತರಗತಿಯ ಗಂಟೆ ಹೊಡೆದು ಅವರು ಹೊರಟುಹೋಗಿದ್ದರು. ಹೊಂದಿಸಿಕೊಂಡ ಮಾತೂ ಉದ್ದವೇ ಇತ್ತು.

ಮನೆಯಲ್ಲಿ ಪದ್ಮಜಾಳಿಗೆ ಹೆದರಿ ಹೆದರಿ ಹೇಳಿದರೆ ಅವಳು ಒಗ್ಗರಣೆಯ ಸೌಟು ಎತ್ತಿ ಹಿಡಿದು, "ಪುಣ್ಯಾ ಬಂತು! ವಿಠ್ಠಲಗ ಆಗಿದ್ರ ಹೆಡ್‌ಮಾಸ್ತರಂತ ಹೇಳಿ ವಾರಕ್ಕ ನಾಲ್ಕು ದಿನ ನಮ್ಮನ್ಯಾಗೇ ಉಣ್ತಿದ್ದ" ಎಂದಳು. ಯಾರಿಗಾಗಿ ಆ ಒಂದು ಮಾತನ್ನು ಅಷ್ಟು ಸಲೀಸಾಗಿ ಬರೆದಿದ್ದೆ ಎಂಬುದೂ ಅವನಿಗೆ ಅಂದಿನಿಂದ ಅರ್ಥವಾಗದೆ ಹೋಯಿತು.

ಮಾರ್ಚಿನಲ್ಲಿ ಸಿಬ್ಬಂದಿಯ ವಾರ್ಷಿಕ ವರದಿ ಬಂತು. ಬರೆಸುವವರು ಮುಖ್ಯಾಧ್ಯಾಪಕರು, ಟೈಪು ಮಾಡುವವನು ಆನಂದತೀರ್ಥ. ತನ್ನ ಸಾಲನ್ನೂ ತಾನೇ ಹೊಡೆಯಬೇಕು. ದೇವಿಂದ್ರಪ್ಪನವರು ಕುರ್ಚಿಯ ಹಿಂದೆ ಕೈಕಟ್ಟಿ ಅಡ್ಡಾಡುತ್ತ ಹೇಳುತ್ತಿದ್ದರು. ಮೌಲಾಲಿಯದು ಮುಗಿಯಿತು: 'ಚುರುಕು.' ಮುಂದಿನದು ಇವನದು.

"ಬರೀರಿ. ಆನಂದತೀರ್ಥ, ಸೂಪರಿಂಟೆಂಡೆಂಟ್. ಇವರ ಕೆಲಸದ ಬಗ್ಗೆ ನನಗೆ ಪೂರ್ಣ ಸಮಾಧಾನ..."

ಅಷ್ಟರಲ್ಲಿ ಮೌಲಾಲಿ ಬಾಗಿಲಲ್ಲಿ ಬಂದು, ಯಾವುದೋ ಹುಡುಗನ ತಂದೆ ಗೇಟಿನ ಬಳಿ ನಿಂತಿದ್ದಾನೆ, ಒಳಗೆ ಬರಲೊಲ್ಲ ಎಂದ. "ಒಂದು ಮಿನಿಟ್" ಎಂದು ಮಾಸ್ತರರು ಹೊರಟುಹೋದರು.

ತೆರೆಯ ಮೇಲೆ 'ಸಮಾಧಾನ' ನಿಂತಿತ್ತು. ಅದರ ಮುಂದೆ ಕರ್ಸರ್ ಮಿನುಗಿತು, ಆರಿತು, ಮಿನುಗಿತು. ಇದೆಯೋ, ಇಲ್ಲವೋ. ಕೈಗಳು ಕೀಲಿಗಳ ಮೇಲೆಯೇ ಇದ್ದವು. ಎರಡು ಅಕ್ಷರ ತಾನೇ ಹೊಡೆದುಕೊಂಡರೆ ಬೇಡವೆನ್ನುವವರು ಯಾರೂ ಇರಲಿಲ್ಲ. ಹೊಡೆಯಲಿಲ್ಲ. ಕಿಟಕಿಯಿಂದ ನೋಡಿದರೆ ಗೇಟಿನ ಬಳಿ ಮಾಸ್ತರರು ಆ ಮನುಷ್ಯನ ಹೆಗಲ ಮೇಲೆ ಕೈಯಿಟ್ಟು, ಯಾವ ಅವಸರವೂ ಇಲ್ಲದೆ, ಬೇವಿನ ನೆರಳಿಗೆ ಕರೆದುಕೊಂಡು ಹೋಗಿ ಮಾತಾಡಿಸುತ್ತಿದ್ದರು. ಪೀರಿಯಡ್ಡು ಮುಗಿದು ಇನ್ನೊಂದು ಶುರುವಾಯಿತು. ಆನಂದತೀರ್ಥ ನೀರು ಕುಡಿದು ಬರಬಹುದಿತ್ತು, ಹೋಗಲಿಲ್ಲ.

ಕೊನೆಗೆ ಅವರು ಬಂದರು. "ಎಲ್ಲಿ ನಿಂತಿತ್ರಿ?"

"ಸಮಾಧಾನ ತನಕ ಬಂದಿತ್ರಿ ಸರ್."

"ಮುಂದಿಂದು ನೀವೇ ಬರಕೋಬೇಕಿತ್ತಿಲ್ಲ?"

"ನೀವು ಹೇಳಿದ್ದಿಲ್ರಿ."

ದೇವಿಂದ್ರಪ್ಪನವರು ಅವನ ಬೆವೆತ ಹಣೆಯನ್ನು ಒಂದು ಕ್ಷಣ ನೋಡಿದರು. ಆಮೇಲೆ ಪಕ್ಕದ ಕುರ್ಚಿ ಎಳೆದುಕೊಂಡು, ಆ ಕೋಣೆಯಲ್ಲಿ ಮೊದಲ ಸಲ, ಕುಳಿತರು.

"ಅದ" ಎಂದರು. "ಅದ ಅಂತ ಬರೀರಿ."

ಆನಂದತೀರ್ಥ 'ಇದೆ' ಎಂದು ಹೊಡೆದು ಪೂರ್ಣವಿರಾಮ ಇಟ್ಟ.